ಹುಣ್ಣಿಮೆ ನೋಡಿ ಕಾರವಾರಕ್ಕೆ

ಎರಡು ದಿನ ಸೂಟಿ ಸಿಕ್ಕರೆ ನಮ್ಮ ಬೆಳಗಾವಿ ಖಾಸಬಾಗದ ಮಂದಿ ಗೋವಾದ ಕಡೆ ಗಾಡಿ ತಿರುಗಿಸುತ್ತಾರೆ. ನಾನು ಮಾತ್ರ ಕಾರವಾರ ಅಂತೀನಿ. ಖಾನಾಪುರ, ಲೋಂಡಾ, ರಾಮನಗರ, ಜೋಯಿಡಾ ದಾಟಿ ಅಣಶಿ ಘಾಟ್ ಇಳಿದರೆ, ಕದ್ರಾದಿಂದ ಮುಂದೆ ಕಾಳಿ ನದಿ ಜೊತೆಗೇ ಬರುತ್ತದೆ.

ಕಾರವಾರದ ಕಡಲದಂಡೆಯ ಮೇಲೆ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆ, ಮಕ್ಕಳಿಗೆ ಅದೊಂದೇ ಸಾಕು. ನನ್ನ ಆಸೆ ಬೇರೆ. ಹರೆಯದ ರವೀಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಹರಿವಿಗೆ ಎದುರಾಗಿ ಹೋಗಿ, ಶಿವಾಜಿಯ ಗುಡ್ಡದ ಕೋಟೆ ನೋಡಿ, ಮರಳುವಾಗ ಅಳಿವೆಯಲ್ಲಿ ಇಳಿದು ಮರಳ ಮೇಲೆ ನಡೆದೇ ಮನೆ ಸೇರಿದರು. ‘ಜೀವನಸ್ಮೃತಿ’ಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದೂ ಇಲ್ಲೇ.

ಅದಕ್ಕೇ ಹೇಳೋದು, ಹುಣ್ಣಿಮೆ ನೋಡಿ ಹೋಗ್ರಿ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೆ ಒದ್ದೆ ಮರಳು ಹಿಮ್ಮಡಿಯ ಕೆಳಗೆ ಮೆತ್ತಗೆ ಕುಸಿಯುತ್ತದೆ. ದಿನವಿಡೀ ಪವರ್‌ಲೂಮಿನ ಖಟಖಟ ಕೇಳಿದ ಕಿವಿಗೆ, ಒಂದು ಅಲೆ ಹೋಗಿ ಇನ್ನೊಂದು ಬರುವ ನಡುವಿನ ಆ ಮೌನ ಎಷ್ಟು ಹಿತ! ನಮ್ಮವ್ವ ಅಲ್ಲೇ ಕೂತಳು. ಒಂದು ತಾಸಾದರೂ ಏಳಲಿಲ್ಲ.