ಕತ್ತೆ ಮದುವೆಯೂ ನನ್ನ ಬುತ್ತಿಯೂ

ಕೆಲವು ವರ್ಷಗಳ ಹಿಂದಿನ ಮಾತು. ತಂಗಿಯ ಮಗಳು ಬೆಂಗಳೂರಿನಲ್ಲಿ ನೌಕರಿಗಿದ್ದಳು. ಜೊತೆಯ ಕೆಲಸದ ಹುಡುಗನನ್ನೇ ಮದುವೆಯಾಗುತ್ತೇನೆಂದು ಫೋನಿನಲ್ಲಿ ಹೇಳಿದ್ದೇ ತಡ, ಆ ಮನೆಯಲ್ಲಿ ಎರಡು ದಿನ ಒಲೆ ಉರಿಯಲಿಲ್ಲ. "ಅಕ್ಕಾ, ನೀನ ಹೋಗಿ ಕರಕೊಂಡು ಬಾ" ಎಂದು ತಂಗಿ ಅತ್ತಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸಾಲಗುಂದದಿಂದ ಸಿಂಧನೂರಿಗೆ ಬಂದು ರಾತ್ರಿ ಬಸ್ಸು ಹತ್ತಿದೆ.

ಮರುದಿನ ಫೆಬ್ರುವರಿ 14. ಊಟದ ಬಿಡುವಿನಲ್ಲಿ ಹುಡುಗಿ ಹೊರಗೆ ಬಂದಳು. ಬುತ್ತಿ ಬಿಚ್ಚಲು ನೆರಳು ಹುಡುಕುತ್ತಾ ಹೋದರೆ ರಸ್ತೆಯಲ್ಲಿ ಗುಂಪು, ಘೋಷಣೆ, ನಡುವೆ ಬಾಸಿಂಗ ಕಟ್ಟಿಕೊಂಡ ಎರಡು ಕತ್ತೆ! ನಮ್ಮ ಕಡೆ ಮಳೆ ಕೈಕೊಟ್ಟರೆ ಕತ್ತೆಗಳ ಮದುವೆ ಮಾಡುವುದುಂಟಲ್ಲ, "ಇಲ್ಲೂ ಮಳಿ ಇಲ್ಲೇನು?" ಅಂದೆ.

"ಅಲ್ಲ ದೊಡ್ಡವ್ವ, ವಾಟಾಳ್ ನಾಗರಾಜ್ ಅವರ ಚಳವಳಿ. ಪ್ರೀತಿ ಮಾಡೋರಿಗೆ ಯಾರೂ ಅಡ್ಡಿ ಮಾಡಬಾರದಂತ."

1960ರ ದಶಕದಿಂದ ಕನ್ನಡಕ್ಕಾಗಿ ಬೀದಿಗಿಳಿದವರು ವಾಟಾಳರು. ಪ್ರೇಮಿಗಳ ದಿನಕ್ಕೆ ಕತ್ತೆ ಮದುವೆ ಮಾಡಿಸಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಕಣ್ಣಾರೆ ಕಂಡಾಗ ಮಾತ್ರ ನಗು ತಡೆಯಲಾಗಲಿಲ್ಲ. ಹುಡುಗಿಯೂ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡಳು.

"ಕತ್ತಿಗೂ ಅಕ್ಕಿಕಾಳು ಹಾಕೋ ಮಂದಿ ಅದಾರ. ನನಗ ನೀನೊಬ್ಬಾಕಿ ಆದ್ರೂ..."

ಏನು ಹೇಳಲಿ? ಬಸ್ಸಿನಲ್ಲಿ ರಾತ್ರಿಯೆಲ್ಲ ಜೋಡಿಸಿಕೊಂಡು ಬಂದ ಬೈಗುಳ ಗಂಟಲಲ್ಲೇ ಉಳಿಯಿತು. ಬಿಡುವು ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಬುತ್ತಿಯಲ್ಲಿ ನಾಲ್ಕು ರೊಟ್ಟಿ ಮಿಕ್ಕಿದ್ದವು.

"ಆ ಹುಡುಗನ್ನ ಕರಿ, ಉಂಡು ಹೋಗಲಿ" ಅಂದೆ.