ಮನೆ ಬಿಟ್ಟು ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದ ಗೃಹಸ್ಥನಿಲ್ಲ. ಸಂಸಾರದ ಕಷ್ಟವೆಲ್ಲ ಈ ಎರಡರಲ್ಲಿಯೇ ಅಡಗಿತೆಂದು ನಮ್ಮ ಹಿರಿಯರು ಬಗೆದಿರಬೇಕು. ಕಳೆದ ಬೇಸಗೆಯಲ್ಲಿ, ೩೬ ವರ್ಷ ಸಂಸಾರ ಹೂಡಿದ್ದ ಮನೆಯನ್ನು ತೊರೆದು ಬಂದ ನನಗೆ, ‘ಮನೆ ಬಿಟ್ಟು ನೋಡು’ ಎಂಬ ಮೂರನೆಯ ಮಾತೊಂದನ್ನು ಆ ಗಾದೆಗೆ ಸೇರಿಸಬೇಕೆಂದು ತೋರಿದೆ. ಮನೆ ಕಟ್ಟುವವನಿಗೆ ತನ್ನ ಕೈಯಲ್ಲಿ ಹಣವೆಷ್ಟಿದೆಯೆಂಬುದು ತಿಳಿಯುತ್ತದೆ. ಮನೆ ಬಿಡುವವನಿಗೆ ತಾನು ಎಂಥವನೆಂಬುದು ತಿಳಿಯುತ್ತದೆ. ನನಗೆ ತಿಳಿದ ಬಗೆಯನ್ನು ವಾಚಕರ ಮುಂದೆ ಮುಚ್ಚುಮರೆಯಿಲ್ಲದೆ ಇಡುತ್ತೇನೆ.

ಕಾರ್ಕಳದಲ್ಲಿ ನಮ್ಮದೊಂದು ಹಂಚಿನ ಮನೆಯಿದ್ದಿತು, ತಂದೆಯವರ ಕಾಲದ್ದು. ನಾನು ಶಾಲೆಯಿಂದ ನಿವೃತ್ತನಾದ ವರ್ಷವೇ ಹೃದಯದ ರಕ್ತನಾಳವೊಂದು ಕಟ್ಟಿಕೊಂಡು, ನಡುರಾತ್ರಿಯಲ್ಲಿ ನನ್ನನ್ನು ಮಣಿಪಾಲದ ಆಸ್ಪತ್ರೆಗೆ ಒಯ್ಯಬೇಕಾಯಿತು. ಸುಮಾರು ೩೫ ಕಿಲೋಮೀಟರುಗಳ ಆ ದಾರಿ ಅಂದು ನನಗೆ ಕಾಶಿಯಷ್ಟು ದೂರವೆನಿಸಿತು. ವೈದ್ಯರು ನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ತೊಡಿಸಿ, ಉಪಚರಿಸಿ, ಕಳುಹಿಸಿಕೊಟ್ಟರು. ಇನ್ನು ಆಸ್ಪತ್ರೆಯ ಸಮೀಪದಲ್ಲಿಯೇ ಇರಬೇಕೆಂದು ನಾನು ನಿಶ್ಚಯಿಸಿದೆ. ಮಣಿಪಾಲದಲ್ಲಿ ಎರಡು ಕೋಣೆಗಳ ಫ್ಲಾಟೊಂದನ್ನು ನೋಡಿದೆ. ಕಾರ್ಕಳದ ಮನೆಗೆ ಗಿರಾಕಿಯನ್ನು ಹುಡುಕಿದೆ. ಮುಂಗಡ ಪಡೆದು ಕರಾರಿಗೆ ಸಹಿ ಹಾಕಿದೆ. ಇಷ್ಟೆಲ್ಲ ಆದ ಮೇಲೆ, ಒಂದು ಸಂಜೆ ಕಾಫಿ ಕುಡಿಯುತ್ತ ಮನೆಯಾಕೆಗೆ ಸಂಗತಿಯನ್ನು ತಿಳಿಸಿದೆ.

ಗೋಡೆ ಮಾಡುಗಳು ಮನೆಯಲ್ಲ, ಗೃಹಿಣಿಯೇ ಮನೆಯೆಂಬ ಅರ್ಥದ ಸುಭಾಷಿತವನ್ನು ಎಷ್ಟೋ ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸಿದವನು ನಾನು. ಅನ್ವಯ, ಸಂಧಿ, ಸಮಾಸ ಎಲ್ಲವನ್ನೂ ತಪ್ಪಿಲ್ಲದೆ ಹೇಳಿಕೊಟ್ಟಿದ್ದೆ. ಅರ್ಥ ಮಾತ್ರ ಹೇಳಿಕೊಟ್ಟವನಿಗೇ ಆಗಿರಲಿಲ್ಲ.

ಆಕೆ ಜಗಳವಾಡಲಿಲ್ಲ. ಎರಡು ದಿನ ಊಟ ಬಡಿಸುವಾಗ ಬೇಕು ಬೇಡ ಎಂಬುದರ ಹೊರತು ಮಾತಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಹಿತ್ತಿಲ ಜಗಲಿಗೆ ಬಂದು ನಿಂತಳು. ನಮ್ಮ ಮನೆಮಾತು ತುಳು. ಆಕೆಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

“ಮನೆ ಬಿಡುವುದು ನಿಶ್ಚಯವಾಗಿದೆಯಲ್ಲ, ಬಿಡುವ. ಆದರೆ ನನ್ನದೊಂದಿದೆ. ಇಲ್ಲಿ ಪಾತ್ರೆ ತೊಳೆಯುತ್ತ ೩೬ ವರ್ಷ ಆ ಬೆಟ್ಟಗಳನ್ನು ನೋಡಿದ್ದೇನೆ. ಒಂದನ್ನೂ ಹತ್ತಿಲ್ಲ. ಹತ್ತದೆ ಇಲ್ಲಿಂದ ಬರುವುದಿಲ್ಲ.”

“ದೂರದ ಬೆಟ್ಟ ನುಣ್ಣಗೆ” ಎಂದೆ, ಹಳೆಯ ಮಾಸ್ತರನ ಅಭ್ಯಾಸಬಲದಿಂದ.

“ನುಣ್ಣಗೋ ಒರಟೋ, ಕಾಲಿಟ್ಟು ನೋಡಿದರಲ್ಲವೇ ತಿಳಿಯುವುದು, ಮಾರಾಯರೇ?” ಎಂದಳು.

ವೈದ್ಯರನ್ನು ಕೇಳಿದೆ. ಮೆಲ್ಲನೆ ಏರಬಹುದು, ಬಿಸಿಲೇರುವ ಮುನ್ನ ಇಳಿಯಬೇಕು, ಎದೆ ಬಿಗಿದರೆ ಅಲ್ಲಿಯೇ ಕೂರಬೇಕು, ಯಾರೊಡನೆಯೂ ಪಂಥ ಕಟ್ಟಬಾರದು ಎಂದರು. ಹೀಗೆ ನಮ್ಮ ಬೇಸಗೆ ಎರಡು ಪಾಲಾಯಿತು: ಮುಂಜಾನೆ ಬೆಟ್ಟ ಹತ್ತುವುದು, ಉಳಿದ ಹೊತ್ತು ಗಂಟು ಕಟ್ಟುವುದು. ಪತ್ತನಾಜೆಯ ಒಳಗೆ ಮನೆ ತೆರವಾಗಬೇಕಾಗಿದ್ದಿತು. ತುಳುವರ ಬೇಶ ತಿಂಗಳ ೧೦ನೆಯ ದಿನವಾದ ಪತ್ತನಾಜೆ ಮೇ ೨೪ರ ಸುಮಾರಿಗೆ ಬರುತ್ತದೆ. ಅಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳೂ ಜಾತ್ರೆಗಳೂ ನಿಲ್ಲುತ್ತವೆ. ಆಮೇಲೆ ಆಕಾಶ ಮಳೆಯದು. ಲಾರಿಯಲ್ಲಿ ಸಾಮಾನು ಹೇರುವ ಕಾಲ ಅದಲ್ಲ.

ಮೊದಲು ಊರಿನ ಗೊಮ್ಮಟಬೆಟ್ಟವನ್ನೇ ಹತ್ತಿದೆವು. ಬಂಡೆಯಲ್ಲಿ ಕಡಿದ ಮೆಟ್ಟಲುಗಳು ಮುಂಜಾನೆ ತಣ್ಣಗಿದ್ದವು. ಮೇಲೆ ೪೨ ಅಡಿ ಎತ್ತರದ ಬಾಹುಬಲಿ. ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ್ದು. ಎದುರಿಗೆ, ಕೆಳಗೆ, ೧೫೮೬ರ ಚತುರ್ಮುಖ ಬಸದಿ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಂತ ಬಂಡೆಯಲ್ಲಿಯೇ ಬಿಡಿಸಿದರೆ, ಕಾರ್ಕಳದವನನ್ನು ಬೇರೆ ಕಡೆ ಕಡೆದು, ಬಂಡಿಯ ಮೇಲೆ ಬೆಟ್ಟಕ್ಕೆ ಎಳೆದು ತಂದರೆಂದು ಪ್ರತೀತಿ. ಅದು ಬರಿಯ ಕಟ್ಟುಕಥೆಯೆಂದು ನಾನು ಹೇಳಲಾರೆ. ಧರ್ಮಸ್ಥಳದ ೩೯ ಅಡಿಯ ಬಾಹುಬಲಿಯನ್ನು ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದದ್ದು ನಮ್ಮ ಕಾರ್ಕಳದಲ್ಲಿಯೇ. ೧೯೭೩ರಲ್ಲಿ ಆ ವಿಗ್ರಹ ಹಲವು ಗಾಲಿಗಳ ವಾಹನದ ಮೇಲೆ ಅಂಗಾತ ಮಲಗಿ ಊರು ಬಿಟ್ಟು ಹೊರಟಿತು. ತಂದೆಯವರ ಕೈ ಹಿಡಿದುಕೊಂಡು ದಾರಿಯ ಬದಿಯಲ್ಲಿ ನಿಂತು ನೋಡಿದ ಬಾಲಕರಲ್ಲಿ ನಾನೂ ಒಬ್ಬ. ದಾರಿಯುದ್ದಕ್ಕೂ ಜನ ತೆಂಗಿನಕಾಯಿ ಒಡೆದು ಕೈಮುಗಿದರು.

ಈ ಕಥೆಯನ್ನು ಮನೆಯಾಕೆಗೆ ಹೇಳಿ, “ಅಷ್ಟು ದೊಡ್ಡ ಕಲ್ಲೇ ಊರು ಬಿಟ್ಟು ಹೋಯಿತು; ನಮ್ಮದೇನು ಮಹಾ!” ಎಂದೆ.

“ಆ ಕಲ್ಲನ್ನಾದರೂ ಕೈಮುಗಿದು, ಮುಹೂರ್ತ ನೋಡಿ, ಅಪ್ಪಣೆ ಕೇಳಿ ಎಬ್ಬಿಸಿದ್ದಾರು” ಎಂದು ಆಕೆ ಮೆಟ್ಟಲಿಳಿಯತೊಡಗಿದಳು. ನಾನು ಸುಮ್ಮನೆ ಹಿಂಬಾಲಿಸಿದೆ.

ಮನೆಯಲ್ಲಿ ನಡೆಯುತ್ತಿದ್ದ ಕೆಲಸವನ್ನು ವರ್ಣಿಸಲು ಆದಿಶೇಷನ ನಾಲಗೆಗಳು ಬೇಕು. ನಾನು ಕಾಗದದ ಮೇಲೆ ಮೂರು ಪಂಕ್ತಿ ಗೆರೆ ಎಳೆದು ‘ಒಯ್ಯತಕ್ಕದ್ದು, ಕೊಡತಕ್ಕದ್ದು, ಬಿಡತಕ್ಕದ್ದು’ ಎಂದು ತಲೆಬರಹ ಕೊಟ್ಟೆ. ಅಟ್ಟದಿಂದ ಇಳಿದ ಸಾಮಾನುಗಳೋ! ಬೀಗವಿಲ್ಲದ ಬೀಗದ ಕೈಗಳು, ಕಾಲು ಮುರಿದ ಮಣೆ, ಮಕ್ಕಳ ತೊಟ್ಟಿಲು, ಸೇರು ಪಾವು, ನೀರು ಕಾಯಿಸುವ ತಾಮ್ರದ ಹಂಡೆ, ಯಾವ ಗ್ರಹವೂ ಇನ್ನು ತಿರುಗಿ ನೋಡದ ಹಳೆಯ ಪಂಚಾಂಗಗಳ ಕಟ್ಟು. ನನ್ನ ಪುಸ್ತಕಗಳು ೧೧ ಪೆಟ್ಟಿಗೆಗಳಾದವು. ಅವೆಲ್ಲ ಮೊದಲನೆಯ ಪಂಕ್ತಿಗೆ ಹೋದವು. ಅಡಿಗೆಮನೆಯ ವಸ್ತುಗಳಲ್ಲಿ ಹೆಚ್ಚಿನವು ಮೂರನೆಯದಕ್ಕೆ. ಅವುಗಳಲ್ಲಿ ಕಡೆಯುವ ಕಲ್ಲೂ ಒಂದು. ಕಾಪುವಿನಲ್ಲಿರುವ ಆಕೆಯ ತವರಿನಿಂದ ಬಂದ ಕಲ್ಲದು. ಎತ್ತಲು ಮೂವರು ಬೇಕು. ಫ್ಲಾಟಿನಲ್ಲಿ ಇಡಲು ಸ್ಥಳವಿಲ್ಲ. ವಿದ್ಯುತ್ತಿನ ಗ್ರೈಂಡರು ಬಂದು ಕಾಲವಾಯಿತು. ನನ್ನ ತರ್ಕದಲ್ಲಿ ದೋಷವಿರಲಿಲ್ಲ. ಆಕೆ ಪಟ್ಟಿಯನ್ನು ಓದಿ, ಮಡಚಿ, ನನ್ನ ಕೈಗೇ ಹಿಂದಕ್ಕೆ ಕೊಟ್ಟಳು.

ತವರಿಗೆ ಸುದ್ದಿ ಹೇಳಲು ಕಾಪುವಿಗೆ ಹೋದ ದಿನ, ಕಡಲ ಬದಿಯ ಬಂಡೆಯ ಮೇಲಿನ ದೀಪಸ್ತಂಭದ ಬಳಿ ಕುಳಿತೆವು. ಆ ಸ್ತಂಭ ೧೯೦೧ರದು. ಜನರೆಲ್ಲ ಪಶ್ಚಿಮಕ್ಕೆ ಮುಖಮಾಡಿ ಸೂರ್ಯಾಸ್ತಕ್ಕೆ ಕಾದಿದ್ದರು. ಈಕೆಯೊಬ್ಬಳು ಪೂರ್ವಕ್ಕೆ ತಿರುಗಿ ಕುಳಿತಳು. ಚಿಕ್ಕವಳಿದ್ದಾಗ, ಮಳೆ ತೊಳೆದ ಬೆಳಗ್ಗೆ, ಇಲ್ಲಿಂದ ನೀಲಿಯ ಬೆಟ್ಟಗಳು ಕಾಣುತ್ತಿದ್ದವಂತೆ. ಕಡಲಿಗೆ ಹೋದವರು ಆ ಬೆಟ್ಟಗಳ ಗುರುತು ಹಿಡಿದು ದಡ ಸೇರುತ್ತಾರೆಂದು ಮೊಗವೀರರ ಹೆಂಗಸೊಬ್ಬಳು ಹೇಳಿದ್ದಳಂತೆ. “ಕಾರ್ಕಳದ ಸಂಬಂಧ ಬಂದಾಗ ನಾನು ಹುಡುಗನ ಕಡೆ ಹೆಚ್ಚು ನೋಡಲಿಲ್ಲ. ಬೆಟ್ಟದ ಬುಡದ ಊರು ಎಂದು ಒಪ್ಪಿದೆ” ಎಂದು ನಕ್ಕಳು. ೩೬ ವರ್ಷದಲ್ಲಿ ಇದನ್ನು ನಾನು ಕೇಳಿದ್ದು ಅಂದೇ. ಆಕೆ ಹೇಳಿರಲಿಲ್ಲವೆಂದಲ್ಲ, ನಾನು ಕೇಳಿರಲಿಲ್ಲ.

ಆ ಮೇಲಿನ ವಾರ ಉಡುಪಿಗೆ ಹೋಗಿ, ಶ್ರೀಕೃಷ್ಣನ ದರ್ಶನ ಮುಗಿಸಿ, ಕುಂಜಾರುಗಿರಿಯನ್ನು ಹತ್ತಿದೆವು. ಮೇಲೆ ದುರ್ಗೆಯ ಗುಡಿ. ಕೆಳಗೆ ಆಚಾರ್ಯ ಮಧ್ವರು ೧೨೩೮ರಲ್ಲಿ ಜನಿಸಿದ ಪಾಜಕ. ಇಲ್ಲಿಂದ ಹೊರಟು ಬದರಿಯವರೆಗೆ ಕಾಲ್ನಡೆಯಿಂದ ಸಾಗಿದ ಆಚಾರ್ಯರ ಮುಂದೆ ನಮ್ಮ ಏರಾಟ ಎಷ್ಟರದು! ಕಳಸದ ಬಳಿಯ ಅಂಬುತೀರ್ಥದಲ್ಲಿ, ಭದ್ರೆಯ ನಡುವೆ, ದೊಡ್ಡದೊಂದು ಬಂಡೆಯಿದೆ. ಆಚಾರ್ಯರು ಒಂದೇ ಕೈಯಿಂದ ಅದನ್ನು ತಂದಿಟ್ಟರೆಂದು ಬಂಡೆಯ ಮೇಲೆಯೇ ಸಂಸ್ಕೃತದಲ್ಲಿ ಕೆತ್ತಿದ್ದಾರೆ. ಮೆಟ್ಟಲಿನ ಮೇಲೆ ಕುಳಿತು ಇದನ್ನು ಹೇಳುತ್ತಿದ್ದಾಗ, ನಾನು ಬಿಡಬೇಕೆಂದು ಬರೆದ ಕಲ್ಲಿನ ನೆನಪು ಬಂದು ನನ್ನ ಮಾತು ಅರ್ಧಕ್ಕೆ ನಿಂತಿತು.

ಆಕೆಯ ಮನಸ್ಸಿದ್ದುದು ಕುದುರೆಮುಖದ ಮೇಲೆ. ಆದರೆ ಬೇಸಗೆಯಲ್ಲಿ ಒಣಹುಲ್ಲಿಗೆ ಬೆಂಕಿ ತಗಲುವ ಭಯದಿಂದ ಅರಣ್ಯದವರು ಆಗ ಯಾರನ್ನೂ ಬಿಡುತ್ತಿರಲಿಲ್ಲ, ಅದು ನ್ಯಾಯವೇ. ಕೊಡಚಾದ್ರಿಯಾದರೂ ಸರಿಯೆಂದು ಕೊಲ್ಲೂರಿಗೆ ಹೋಗಿ, ರಾತ್ರಿ ತಂಗಿ, ನಸುಕಿನಲ್ಲಿ ಜೀಪು ಹಿಡಿದೆವು. ಆ ಜೀಪಿನ ದಾರಿಯಲ್ಲಿ ದೇಹದ ಕೀಲುಗಳ ಲೆಕ್ಕ ತಪ್ಪಿಲ್ಲದೆ ಸಿಕ್ಕುತ್ತದೆ. ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇಳಿದು, ಅಲ್ಲಿನ ಹಳೆಯ ಕಬ್ಬಿಣದ ಕಂಬವನ್ನು ನೋಡಿ, ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠದ ಕಡೆಗೆ ಹೊರಟೆವು. ಶಿಖರದ ಎತ್ತರ ೧೩೪೩ ಮೀಟರು. ದಾರಿ ಕಡಿದು, ಒಂದು ಬದಿ ಹುಲ್ಲು, ಇನ್ನೊಂದು ಬದಿ ಕಣಿವೆ.

ಗಣಪತಿಯ ಗುಹೆಯವರೆಗೆ ಹೇಗೋ ಬಂದೆ. ಅಲ್ಲಿ ಉಸಿರು ಸಾಲದಾಯಿತು. ವೈದ್ಯರ ಮಾತಿನಂತೆ ಕುಳಿತುಬಿಟ್ಟೆ.

“ನೀನು ಹೋಗಿ ಬಾ” ಎಂದೆ. ‘ಬೇಡ, ಇಳಿಯುವ’ ಎಂದಾಳೆಂದು ಒಳಗೊಳಗೆ ಎಣಿಸಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಆಕೆ ನನ್ನ ಮುಖವನ್ನು ನೋಡಿದಳು. ಕೈ ಮುಟ್ಟಿ ನೋಡಿದಳು. ಮಾತ್ರೆಯ ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ನನ್ನ ಪಕ್ಕದಲ್ಲಿಟ್ಟಳು. ಅಲ್ಲಿ ದಣಿವಾರಿಸುತ್ತಿದ್ದ ಕುಟುಂಬವೊಂದಕ್ಕೆ ನನ್ನನ್ನು ನೋಡಿಕೊಳ್ಳಲು ಹೇಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೋಲು ಹಿಡಿದು ಹೊರಟಳು. ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡುವಳೆಂದು ಕಾದೆ. ನೋಡಲಿಲ್ಲ.

ಒಂದೂವರೆ ಗಂಟೆ ಕಳೆಯಿತು. ಪರೀಕ್ಷೆಯ ಕೆಲಸ, ಸಭೆ, ಪಾಠ ಎಂದು ಹೇಳಿ ಹೋದ ನನಗಾಗಿ ಆಕೆ ಜಗಲಿಯಲ್ಲಿ ಕುಳಿತ ಸಂಜೆಗಳೆಷ್ಟೋ! ಕಾಯುವುದೆಂದರೆ ಏನೆಂಬುದು ನನಗೆ ತಿಳಿದದ್ದು ಆ ಗುಹೆಯ ಬಾಗಿಲಿನಲ್ಲಿ.

ಬಂದಾಗ ಮುಖ ಕೆಂಪಾಗಿದ್ದಿತು, ತಲೆ ಕೆದರಿದ್ದಿತು. “ಕಡಲು ಕಂಡಿತೇ?” ಎಂದೆ.

“ಇಲ್ಲ. ಬಿಸಿಲಿನ ಮಬ್ಬು. ಆದರೆ ಕಾಪು ಯಾವ ದಿಕ್ಕಿಗಿದೆಯೆಂದು ತಿಳಿಯಿತು.”

ಇಳಿಯುವಾಗ, “ನಿನ್ನನ್ನು ಕೇಳದೆ ಕರಾರು ಮಾಡಿದ್ದು ತಪ್ಪಾಯಿತು” ಎಂದೆ. ಈ ಮಾತಿಗೆ ಎರಡು ತಿಂಗಳು ಹಿಡಿದಿದ್ದಿತು.

“ಹೇಳಿದಿರಲ್ಲ, ಆಯಿತು. ಕಲ್ಲು ಸಡಿಲಿದೆ, ನೋಡಿ ಕಾಲಿಡಿ” ಎಂದಳು.

ವಿವಾಹದಲ್ಲಿ ಅಶ್ಮಾರೋಹಣವೆಂಬ ವಿಧಿಯುಂಟು. ವಧುವಿನ ಪಾದವನ್ನು ಕಲ್ಲಿನ ಮೇಲೆ ಇಡಿಸಿ, ಈ ಕಲ್ಲಿನಂತೆ ಸ್ಥಿರಳಾಗೆಂದು ವರನು ಹೇಳುತ್ತಾನೆ. ನಾನೂ ಹೇಳಿದ್ದೆ; ಆಕೆ ಹಾಗೆಯೇ ಇದ್ದಳು. ವರನಿಗೆ ಅಂಥ ಮಾತನ್ನು ಯಾರೂ ಹೇಳುವುದಿಲ್ಲ. ಊರಿಗೆ ಬಂದ ರಾತ್ರಿ ಪಟ್ಟಿಯನ್ನು ತೆರೆದು, ಕಡೆಯುವ ಕಲ್ಲನ್ನು ಮೂರನೆಯ ಪಂಕ್ತಿಯಿಂದ ಹೊಡೆದು ಮೊದಲನೆಯದಕ್ಕೆ ಸೇರಿಸಿದೆ. ಬಾಲ್ಕನಿಯಲ್ಲಿ ನನ್ನ ಒರಗು ಕುರ್ಚಿಗೆಂದು ಇಟ್ಟಿದ್ದ ಮೂಲೆಯನ್ನು ಮನಸ್ಸಿನಲ್ಲಿಯೇ ಅದಕ್ಕೆ ಬಿಟ್ಟುಕೊಟ್ಟೆ. ಹೇಳಲಿಲ್ಲ, ಅಂದು ಕಂಡು ಸಂತೋಷಪಡಲಿ ಎಂದುಕೊಂಡೆ.

ಲಾರಿ ಬಂದ ದಿನ ಆಳುಗಳನ್ನು ಕರೆದು, “ಮೊದಲು ಆ ಕಲ್ಲು” ಎಂದು ಅಡಿಗೆಮನೆಗೆ ಕಳುಹಿಸಿದೆ. ಅವರು ಬರಿಗೈಯಲ್ಲಿ ಮರಳಿದರು. ಕಲ್ಲಿದ್ದ ಜಾಗದಲ್ಲಿ ನೆಲ ದುಂಡಗೆ ಬಿಳಿಚಿಕೊಂಡಿದ್ದಿತು.

“ಅದೇ? ಆಚೆಮನೆಯವಳಿಗೆ ಕೊಟ್ಟು ವಾರವಾಯಿತು. ಪಾಪ, ಹೋಳಿಗೆ ಮಾಡಿ ಮಾರಿ ಜೀವನ ಮಾಡುವವಳು, ಕರೆಂಟು ಹೋದರೆ ಅವಳಿಗೆ ಕಲ್ಲೇ ಗತಿ” ಎಂದಳು ಮನೆಯಾಕೆ. ನನ್ನ ಮುಖವನ್ನು ಕಂಡು, “ನಿಮ್ಮನ್ನು ಕೇಳಬೇಕಿತ್ತೇ?” ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿದ್ದಿತು.

ಹೊಸ ಮನೆಯಲ್ಲಿ ಹಾಲುಕ್ಕಿಸಿದೆವು. ಮಣಿಪಾಲದ ನಳದ ನೀರನ್ನು ಮೊದಲ ಬಾರಿ ಕುಡಿದಾಗ ಪರಕೀಯವೆನಿಸಲಿಲ್ಲ. ಕಾರಣವನ್ನು ಆಮೇಲೆ ಯೋಚಿಸಿದೆ. ಕಾರ್ಕಳಕ್ಕೆ ಮುಂಡ್ಲಿಯಿಂದ, ಉಡುಪಿ ಮಣಿಪಾಲಗಳಿಗೆ ಬಜೆಯ ಅಣೆಕಟ್ಟಿನಿಂದ ಬರುವುದು ಒಂದೇ ಸ್ವರ್ಣಾ ನದಿಯ ನೀರು. ಘಟ್ಟದಲ್ಲಿ ಹುಟ್ಟುವ ಆ ಹೊಳೆ ನಮ್ಮ ಹಿತ್ತಿಲ ಬೆಟ್ಟಗಳಿಂದಲೇ ನಮಗಿಂತ ಮುಂದಾಗಿ ಇಲ್ಲಿಗೆ ಬಂದಿದೆ.

ಮುಂಗಾರಿನ ಮೊದಲ ಮಳೆ ಬಿಟ್ಟ ಬೆಳಗ್ಗೆ ಆಕೆ ಬಾಲ್ಕನಿಯಿಂದ ಕರೆದಳು. ಪೂರ್ವದಲ್ಲಿ, ಕಟ್ಟಡಗಳೆರಡರ ನಡುವೆ, ಅಂಗೈಯಗಲ ನೀಲಿ ಬೆಟ್ಟ ಕಾಣುತ್ತಿದ್ದಿತು. ಒರಗು ಕುರ್ಚಿಯಲ್ಲಿ ಆಕೆ ಕುಳಿತಿದ್ದಳು. ನಾನು ಒಳಗಿನಿಂದ ಮಣೆ ತಂದು ಪಕ್ಕದಲ್ಲಿ ಕುಳಿತೆ.

ಮಳೆಗಾಲ ಮುಗಿದ ಮೇಲೆ ಕುದುರೆಮುಖಕ್ಕೆ ಹೋಗಬೇಕೆಂದು ಆಕೆಯ ಸಂಕಲ್ಪ. ನಾನು ಬುಡದವರೆಗೋ, ತುದಿಯವರೆಗೋ ಎಂಬುದನ್ನು ವೈದ್ಯರು ಹೇಳಬೇಕು. ದಿನವನ್ನು ಮಾತ್ರ ನಾನಿನ್ನೂ ಗೊತ್ತುಮಾಡಿಲ್ಲ, ಆಕೆಯನ್ನು ಕೇಳಬೇಕಾಗಿದೆ.