ಬಿಚ್ಚಿದ ಸಾಲು

ನಮ್ಮ ಹೊಳಲ್ಕೆರೆ ಕಡೆ ಕೂಸು ಹುಟ್ಟಿದ ಮನೆಗೆ ಹೊಸ ಬಟ್ಟೆಗಿಂತ ಮೊದಲು ಹಳೇ ಬಟ್ಟೆ ಹೋಗುತ್ತದೆ. ಒಗೆದು ಒಗೆದು ಮೆತ್ತಗಾದ ಪಂಚೆ, ನೂಲಿನ ಸೀರೆ. ಚಳ್ಳಕೆರೆಯ ಕಂಬಳಿ ನಮ್ಮ ಜಿಲ್ಲೆಯ ಹೆಮ್ಮೆಯೇ ಸರಿ. ಆದರೆ ಕುರಿ ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯ್ದ ಕಂಬಳಿ ಎಳೆಯ ಮೈಗೆ ಚುಚ್ಚುತ್ತದೆ. ಕೂಸಿಗೆ ಕೌದಿಯೇ ಆಗಬೇಕು. ಹತ್ತಿ ಗಿತ್ತಿ ಏನೂ ತುಂಬದೆ, ಹಳೇ ಬಟ್ಟೆಯನ್ನೇ ಪದರ ಪದರವಾಗಿ ಹಾಸಿ, ಅಂಚಿನಿಂದ ಸುತ್ತುತ್ತಾ ನಡುವಿನ ತನಕ ಒತ್ತೊತ್ತಾಗಿ ಹೊಲಿದ ಕೌದಿ.

ಅಂಥದೊಂದು ಪುಟ್ಟ ಕೌದಿಯನ್ನು ನಾನು ಒಬ್ಬ ಹೆಣ್ಣುಮಗಳಿಗೆ ಹೊಲಿದುಕೊಟ್ಟೆ. ಕೊಟ್ಟದ್ದನ್ನು ನೆನೆದರೆ ಇವತ್ತಿಗೂ ಮುಖ ಕೆಳಗಾಗುತ್ತದೆ.

ಅವ್ವನಿಗೆ ಲಕ್ವ ಹೊಡೆದದ್ದು 2022ರಲ್ಲಿ. ಆ ಸೆಪ್ಟೆಂಬರಿನಲ್ಲೇ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿತ್ತು, 1933ರ ನಂತರ ಅದೇ ಮೊದಲು. ಕೋಡಿ ನೋಡಲು ಊರಿಗೂರೇ ಹೊರಟಿದ್ದಾಗ ನಾವು ಚಿತ್ರದುರ್ಗದ ಆಸ್ಪತ್ರೆಯ ವಾರ್ಡಿನಲ್ಲಿದ್ದೆವು. ಹಿರಿಯೂರಿಗೆ ಕೊಟ್ಟ ತಂಗಿ ಅಲ್ಲಿಂದಲೇ ಫೋನ್ ಮಾಡಿ ಅವ್ವನ ಕಿವಿಗೆ ನೀರಿನ ಸದ್ದು ಕೇಳಿಸಿದಳು. ಹಿಂದಿನ ಕೋಡಿಯ ಕತೆಯನ್ನು ತನ್ನ ಅಪ್ಪನ ಬಾಯಲ್ಲಿ ಕೇಳಿ ಬೆಳೆದವಳು ಅವ್ವ. ಏನೋ ಹೇಳಲು ಹೋದಳು, ನಾಲಿಗೆ ಹೊರಳಲಿಲ್ಲ.

ಮನೆಗೆ ಕರೆತಂದ ಮೇಲೆ ನನ್ನ ಸ್ಕೂಲು ಬಿಡುವಂತಿರಲಿಲ್ಲ. ಹೊಸದುರ್ಗ ರಸ್ತೆಯ ಹಳ್ಳಿಯೊಂದರಿಂದ ಒಬ್ಬಾಕೆ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವುದೆಂದಾಯಿತು. ಮೈ ಒರೆಸಿ, ಎಣ್ಣೆ ತಿಕ್ಕಿ, ಗಂಜಿ ಕುಡಿಸಿ, ಗೋಡೆ ಹಿಡಿಸಿ ನಡೆಸಿದ್ದು ಎಲ್ಲಾ ಆಕೆ. ಅವ್ವನ ಬಲಗೈ ಬೆರಳು ಮಡಚುತ್ತಿರಲಿಲ್ಲ. ಹಿಚುಕಲು ರಬ್ಬರ್ ಚೆಂಡು ಕೊಡಿ ಎಂದಿದ್ದರು ಆಸ್ಪತ್ರೆಯಲ್ಲಿ. ಆಕೆ ಚೆಂಡನ್ನು ಕಿಟಕಿಯಲ್ಲಿಟ್ಟು ಅವ್ವನ ಮುಂದೆ ಶೇಂಗಾ ಸುರಿದಳು. "ಚೆಂಡು ಹಿಚುಕಿದ್ರೆ ಏನು ಸಿಗ್ತೈತೆ ದೊಡ್ಡವ್ವಾ? ಇದನ್ನ ಬಿಡಿಸು, ಚಟ್ನಿಗಾಗ್ತೈತೆ." ಮೊದಮೊದಲು ಕಾಯಿ ಕೈಯಿಂದ ಜಾರಿ ಮಂಚದ ಕೆಳಗೆ ಉರುಳುತ್ತಿತ್ತು. ಆಕೆ ಬಗ್ಗಿ ಹೆಕ್ಕಿ ಮತ್ತೆ ಬೆರಳ ಸಂದಿಗೆ ಇಡುತ್ತಿದ್ದಳು. ಶೇಂಗಾ ಆದಮೇಲೆ ಅವರೆಕಾಯಿ, ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುವುದು. ಚಳಿಗಾಲ ಕಳೆಯುವಷ್ಟರಲ್ಲಿ ಅವ್ವ ತನ್ನ ತಟ್ಟೆಯ ಮುದ್ದೆಯನ್ನು ತಾನೇ ಮುರಿದುಕೊಳ್ಳುತ್ತಿದ್ದಳು.

ಆಕೆಯ ಮಗಳು ಹೆತ್ತಳು. ಬಾಣಂತನ ಮಾಡಬೇಕು, ಇನ್ನು ಕೆಲವು ದಿನ ಬಂದು ಆಮೇಲೆ ಬರಲಾಗದು ಎಂದಳು. ಸಂಬಳ ಕೊಟ್ಟಿದ್ದೆ, ಕೊಡುತ್ತಲೂ ಇದ್ದೆ. ಅದರಿಂದ ತೀರುವ ಋಣ ಇದಲ್ಲ ಅನ್ನಿಸಿತು. ಕೂಸಿಗೆ ನನ್ನ ಕೈಯಾರೆ ಕೌದಿ ಹೊಲಿಯುತ್ತೇನೆ ಅಂದುಕೊಂಡೆ.

ಅವ್ವ ಮದುವೆಯಾಗಿ ಬಂದಂದಿನಿಂದ ಕೌದಿ ಹೊಲಿದವಳು. ಕೇಳಬೇಕಿದ್ದದ್ದು ಅವಳನ್ನು. ನಾನು ಫೋನಿನಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡುತ್ತಾ ಕೂತೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಬರೆದ ಮೇಲೆ ಹೊರದೇಶಕ್ಕೂ ಪರಿಚಯವಾದ ಕೌದಿಗಳವು. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಸಿದ ಬಟ್ಟೆಯ ಹೂ ಇರುತ್ತದೆ, ಅದಿಲ್ಲದ ಕೌದಿ ಬತ್ತಲೆ ಎಂದು ಅವರ ಎಣಿಕೆ. ಆ ಹೂ ನನಗೆ ಬಹಳ ಹಿಡಿಸಿತು. ಕೌದಿಯ ಚೆಲುವೆಲ್ಲಾ ಗೆರೆ ಹಿಡಿಯದೆ ಕೈ ಹೋದ ಹಾಗೆ ಹೋಗುವ ಅವರ ಹೊಲಿಗೆಯಲ್ಲಿದೆ ಎನ್ನುವುದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ಅಪ್ಪನ ಪಂಚೆ ಒಳಗೆ, ಅವ್ವನ ಎರಡು ನೂಲಿನ ಸೀರೆ ಹೊರಗೆ. ಸ್ಕೇಲಿಟ್ಟು ಪೆನ್ಸಿಲ್ ಗೆರೆ ಎಳೆದು ರಾತ್ರಿ ಹೊತ್ತು ಹೊಲಿಯುತ್ತಿದ್ದೆ. ಅವ್ವ ಮಂಚದಿಂದಲೇ ನೋಡುತ್ತಿದ್ದಳು. ಒಂದು ರಾತ್ರಿ "ತಾ ಇಲ್ಲಿ, ನಾನೂ ಒಂದು ಸಾಲು ಹಾಕ್ತೀನಿ" ಅಂದಳು. "ಬೇಡ ಬಿಡವ್ವ, ಸೂಜಿ ಚುಚ್ಚೀತು" ಅಂದೆ. ನನ್ನ ಭಯ ಸೂಜಿಯದ್ದಾಗಿರಲಿಲ್ಲ.

ಮರುದಿನವೋ ಅದರಾಚೆಯೋ ಸ್ಕೂಲಿಂದ ಬಂದು ಕೌದಿ ಬಿಡಿಸಿದರೆ ಗೇಣುದ್ದ ಹೊಸ ಸಾಲು. ಒಂದು ಹೊಲಿಗೆ ಅಕ್ಕಿಕಾಳಷ್ಟು, ಮುಂದಿನದು ಉಗುರಿನಷ್ಟು. ದಾರ ಒಂದೆಡೆ ಬಿಗಿದು ಬಟ್ಟೆ ನಿರಿಗೆಗಟ್ಟಿತ್ತು, ಇನ್ನೊಂದೆಡೆ ಜೋಲುತ್ತಿತ್ತು. ನನ್ನ ಗೆರೆ ಬಿಟ್ಟು ಸಾಲು ಎಡಕ್ಕೆ ವಾಲುತ್ತಾ ಹೋಗಿತ್ತು. ಅವ್ವ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳಿಗೆ ನಿದ್ದೆ ಹತ್ತಿದ ಮೇಲೆ, ಮಕ್ಕಳ ನೋಟ್‌ಬುಕ್ಕಿನ ಸೊಟ್ಟ ಅಕ್ಷರ ತಿದ್ದುವ ಹಾಗೆ, ಬ್ಲೇಡ್ ತಗೊಂಡು ಒಂದೊಂದೇ ಹೊಲಿಗೆ ಕತ್ತರಿಸಿ ತೆಗೆದೆ. ಪಕ್ಕದಲ್ಲಿ ನೆಟ್ಟಗೆ ನನ್ನ ಸಾಲು ಹಾಕಿದೆ. ಚೆನ್ನಾಗಿ ಕಂಡಿತು. ಸಮಾಧಾನದಿಂದ ಮಲಗಿದೆ ಎನ್ನುವುದನ್ನೂ ಇಲ್ಲಿ ಹೇಳಬೇಕು.

ಕೊಟ್ಟ ದಿನ ಅರಿಶಿನ ಕುಂಕುಮ, ರವಿಕೆ ಕಣ, ತೆಂಗಿನಕಾಯಿ ಜೊತೆ ಕೌದಿ ಇಟ್ಟೆ. ಆಕೆ ಮೂಲೆಯ ಹೂವನ್ನು ನೋಡಲಿಲ್ಲ. ತೊಡೆ ಮೇಲೆ ಹರಡಿಕೊಂಡು, ತಿರುವಿ, ಮತ್ತೆ ತಿರುವಿ, ಸಾಲಿನ ಮೇಲೆ ಬೆರಳಾಡಿಸಿದಳು. "ದೊಡ್ಡವ್ವನ ಸಾಲು ಯಾವುದಕ್ಕಾ?"

ನನ್ನ ಬಾಯಿ ಕಟ್ಟಿತು. ಅವ್ವ ಕುರ್ಚಿಯಲ್ಲೇ ಕೂತಿದ್ದಳು.

ಆಕೆಯೇ ಹುಡುಕಿಕೊಂಡಳು. ಹಳೇ ನೂಲಿನ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೂ ಸೂಜಿ ತೂತು ಒಗೆಯುವವರೆಗೆ ಉಳಿಯುತ್ತದೆ. ನನ್ನ ನೆಟ್ಟಗಿನ ಸಾಲಿನ ಪಕ್ಕ ಎಡಕ್ಕೆ ವಾಲಿ ಹೋದ ಸಣ್ಣ ಸಣ್ಣ ತೂತು. ಆಕೆಯ ಬೆರಳು ಅಲ್ಲಿ ನಿಂತಿತು. ನನ್ನ ಮುಖ ನೋಡಲಿಲ್ಲ. "ಚೆನ್ನಾಗೈತೆ ಅಕ್ಕ" ಎಂದು ಮಡಿಸಿ, ಅವ್ವನ ಕಾಲಿಗೆ ಬಿದ್ದು ಬಸ್ಸಿಗೆ ಹೊರಟಳು.

ಆಮೇಲೆ ತಿಳಿಯಿತು. ಅವ್ವ ಆ ಸಾಲು ಹಾಕಿದ ಮಧ್ಯಾಹ್ನ ಸೂಜಿಗೆ ದಾರ ಪೋಣಿಸಿ ಕೊಟ್ಟವಳು ಆಕೆಯೇ. ಕೌದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವಳೂ ಆಕೆಯೇ. ನೆಲಕ್ಕುರುಳಿದ ಶೇಂಗಾ ಹೆಕ್ಕಿ ಹೆಕ್ಕಿ ಅವ್ವನ ಕೈಗಿಟ್ಟು ಆಕೆ ತಿರುಗಿ ತಂದುಕೊಟ್ಟ ಕೈಯದು. ಅದು ಏನು ಮಾಡಬಲ್ಲದು ಎನ್ನುವುದು ಆ ಗೇಣುದ್ದ ಸಾಲಿನಲ್ಲಿತ್ತು. ಋಣ ಅವ್ವನದು, ತೀರಿಸಿದ್ದೂ ಅವ್ವನೇ. ನಡುವೆ ಹೋಗಿ ನಾನು ಅದನ್ನು ಬ್ಲೇಡಿನಿಂದ ತೆಗೆದುಹಾಕಿ, ಉಳಿದದ್ದನ್ನು ನನ್ನ ಕೃತಜ್ಞತೆ ಎಂದು ಕೊಟ್ಟಿದ್ದೆ. ಉಪಕಾರ ಮಾಡಿದವಳ ಮುಂದೆ ನಾನು ಚೆನ್ನಾಗಿ ಕಾಣಬೇಕಿತ್ತು. ಆಕೆಗೆ ಏನು ಬೇಕಿತ್ತೆಂದು ಒಂದು ಸಲವೂ ಯೋಚಿಸಿರಲಿಲ್ಲ.

ಸುಮಾರು ದಿನ ಒಳಗೇ ಇಟ್ಟುಕೊಂಡಿದ್ದು ಕೊನೆಗೆ ಅವ್ವನ ಹತ್ತಿರ ಹೇಳಿದೆ. "ಗೊತ್ತಿತ್ತು ಬಿಡು" ಅಂದಳು. "ಬೆಳಿಗ್ಗೆ ಕಸದ ಮೊರದಾಗೆ ದಾರದ ಚೂರು ಕಂಡಿದ್ದೆ."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಕೌದಿ ಇಸಕೊಂಡು ಬರುತ್ತೇನೆ, ಮತ್ತೆ ಹೊಲಿ ಎಂದೆ. ಅದಕ್ಕೆ ಮಾತ್ರ ಗದರಿದಳು. "ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೆ? ಕೂಸು ಹೊದ್ದು ಮಲಗಿರ್ತೈತೆ."

ಬಟ್ಟೆ ಗಂಟು ಈಗ ಅವ್ವನ ಮಂಚದ ಹತ್ತಿರವೇ ಇದೆ. ದೊಡ್ಡ ಕೌದಿಯೊಂದನ್ನು ಹಿಡಿದಿದ್ದಾಳೆ. ಕೈ ಬಂದ ದಿನ ಒಂದು ಸಾಲು, ಬಾರದ ದಿನ ಇಲ್ಲ. ಯಾರಿಗೆಂದು ಹೇಳಿಲ್ಲ, ನಾನು ಕೇಳಿಲ್ಲ. ನನಗಿರುವುದು ದಾರ ಪೋಣಿಸಿ ಕೊಡುವ ಕೆಲಸ. ಅದರಲ್ಲೂ ತಪ್ಪು ಹಿಡಿಯುತ್ತಾಳೆ. ಮೊಳಕ್ಕಿಂತ ಉದ್ದದ ದಾರ ಕೊಟ್ಟರೆ ಸಿಕ್ಕಾಗುತ್ತದಂತೆ, ಅಷ್ಟೂ ತಿಳಿಯದೆ ಕೌದಿ ಹೊಲಿಯಲು ಹೊರಟಿದ್ದೆಯಾ ಅನ್ನುತ್ತಾಳೆ.